ಹುಂಜದ ಬಾಲದಲ್ಲಿ ಹಲ್ಲಿನ ಗುರುತು

ವಿಶಾಖಪಟ್ಟಣದ ಕೂರ್ಮನ್ನಪಾಲೆಂನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮಹಡಿ ಮನೆಯೊಂದರ ಅಡುಗೆಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ನೆಲದ ಮೇಲೆ ದಪ್ಪನೆಯ ಸೊಲ್ಲಾಪುರ ಚಾದರ ಹಾಸಿ, ಅದರ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ ಕೆಂಪಣ್ಣ. ಸುತ್ತ ಕೆಂಪು, ಹಳದಿ, ಬಿಳಿ, ಕಪ್ಪು ರಾಶಿಗಳು. ಬಾಗಿಲಲ್ಲಿ ನಿಂತು ನೋಡಿದರೆ ಮದುವೆ ಮನೆಯಲ್ಲಿ ತರಕಾರಿ ಹೆಚ್ಚಿಟ್ಟ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಅವೆಲ್ಲ ಪ್ಲಾಸ್ಟಿಕ್ ಇಟ್ಟಿಗೆಗಳು. ಒಂದರ ತಲೆಯ ಮೇಲಿನ ಗುಬುಟಿಗೆ ಇನ್ನೊಂದರ ಬುಡ ಸಿಕ್ಕಿಸಿ ಮಕ್ಕಳು ಮನೆ ಕಟ್ಟಿ ಆಡುತ್ತಾರಲ್ಲ, ಅವೇ.

ಕೆಂಪಣ್ಣ ಕಟ್ಟುತ್ತಿರುವುದು ಮನೆಯಲ್ಲ. ಬಾಯಿ ಅರೆ ತೆರೆದು, ಕತ್ತು ಒಂದು ಕಡೆಗೆ ವಾಲಿಸಿಕೊಂಡು ನಿದ್ದೆ ಹೋದ ಗಂಡಸಿನ ಮುಖ. ಗಲ್ಲ ಮುಗಿದಿದೆ, ತುಟಿ ಮುಗಿದಿದೆ, ಈಗ ಮೂಗಿನ ಸರದಿ. ಚೌಕದ ತುಂಡುಗಳಲ್ಲಿ ದುಂಡನೆಯ ಮೂಗು ಮಾಡುವುದೆಂದರೆ ಸುಮ್ಮನೆ ಮಾತಲ್ಲ. ಒಂದಿಡುತ್ತಾರೆ, ತಲೆ ಅಡ್ಡ ಮಾಡಿ ನೋಡುತ್ತಾರೆ, ಒಪ್ಪಿಗೆಯಾಗದಿದ್ದರೆ ತುಂಡನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ ಕಿತ್ತು ಇನ್ನೊಂದು ಹುಡುಕುತ್ತಾರೆ.

ಅಷ್ಟರಲ್ಲಿ ಬಾಗಿಲ ಗಂಟೆ ಬಾರಿಸುತ್ತದೆ. ಹಾಲಿನವನೇ ಇರಬೇಕು, ಬೇರೆ ಯಾರು ಬರುತ್ತಾರೆ ಈ ಹೊತ್ತಿಗೆ? ಆದರೂ ಕೆಂಪಣ್ಣನವರ ಕೈಗಳು ತಾವಾಗಿಯೇ ಚಾದರದ ಮೂಲೆಗಳಿಗೆ ಹಾರುತ್ತವೆ. ನಾಲ್ಕೂ ಮೂಲೆ ಸೇರಿಸಿ ಒಂದು ಗಂಟು, ಗಂಟು ಎತ್ತಿ ಅಟ್ಟದ ಮೇಲೆ. ಕಣ್ಣು ಮಿಟುಕಿಸುವುದರೊಳಗೆ ಅಡುಗೆಕೋಣೆ ಅಡುಗೆಕೋಣೆಯಾಗುತ್ತದೆ. ಗಂಟಿನ ಒಳಗಿಂದ ಕರಕರ ಸದ್ದು ಕೇಳುತ್ತದೆ. ಅರ್ಧ ಗಂಟೆ ಕೂತು ಕಟ್ಟಿದ ಮೂಗು ಮುರಿದ ಸದ್ದು ಅದು.

“ಇಸ್ತ್ರಿಗೆ ಕೊಡೋ ಬಟ್ಟೆ ಗಂಟು ಅಂದ್ಕಂಡವ್ನೆ ಹಾಲಿನವ್ನು,” ಎನ್ನುತ್ತಾರೆ ಕೆಂಪಣ್ಣ ಕತೆ ಕೇಳಲು ಬಂದವರಿಗೆ, ನೆಲ ನೋಡುತ್ತಾ. “ನಲ್ವತ್ತು ದಾಟಿರೋ ಗಂಡಸು ನೆಲದ ಮೇಲೆ ಕೂತ್ಕಂಡು ಮಕ್ಳಾಟ ಆಡ್ತಾವ್ನೆ ಅಂದ್ರೆ ಏನಂದ್ಕತಾರೆ ಸಾರ್? ಕೂತ್ಕಳ್ಳಿ ಅಂಡಿ, ಕಾಫಿ ತರ್ತಾಳೆ.” ಮಧುಗಿರಿ ಕಡೆಯ ಕನ್ನಡದ ಕೊನೆಗೆ ತೆಲುಗಿನ ಗೌರವದ ‘ಅಂಡಿ’ ಬಂದು ಅಂಟಿಕೊಂಡಿರುವುದು ಅವರಿಗೆ ಗೊತ್ತೇ ಇಲ್ಲ.

ಕಾಫಿ ತಂದ ಹೆಂಡತಿ ಉಮಾದೇವಿ ನಗುತ್ತಾರೆ. “ಮನೇಲಿ ಕಳ್ಳಮಾಲು ಇಟ್ಕೊಂಡೋರೂ ಇಷ್ಟು ಎದರ್ಕೊಳಲ್ಲ. ಇವ್ರು ಕಟ್ಟಿದ್ದಕ್ಕಿಂತ ಗಂಟೆ ಸದ್ದಿಗೆ ಒಡೆದಿದ್ದೇ ಜಾಸ್ತಿ.”

ಕೆಂಪಣ್ಣ ಪರವಾಡದ ಔಷಧಿ ಕಾರ್ಖಾನೆಯೊಂದರಲ್ಲಿ ಪುಡಿ ಒಣಗಿಸುವ ವಿಭಾಗದ ಆಪರೇಟರ್. ತಲೆಯಿಂದ ಕಾಲಿನವರೆಗೆ ಬಿಳಿ ಗೌನು, ಮೂಗು ಬಾಯಿಗೆ ಮುಸುಕು. ಒದ್ದೆ ಪುಡಿಯನ್ನು ಟ್ರೇಗಳಲ್ಲಿ ಹರಡಿ ಬಿಸಿ ಕಪಾಟಿಗೆ ತಳ್ಳುವುದು, ಒಣಗಿದ ಮೇಲೆ ಎಳೆಯುವುದು, ಜರಡಿ ಹಿಡಿದು ಡ್ರಮ್ಮಿಗೆ ತುಂಬುವುದು. ಪಾಳಿ ಮುಗಿಯುವ ತನಕ ಇಷ್ಟೇ ಕೆಲಸ. ಗೋಡೆ ಬಿಳಿ, ಪುಡಿ ಬಿಳಿ, ಎದುರಿಗಿರುವ ಮನುಷ್ಯನೂ ಬಿಳಿ. ಆ ಪುಡಿ ಮುಂದೆ ಎಲ್ಲಿಗೋ ಹೋಗಿ ಮಾತ್ರೆಯಾಗಿ ಯಾರದೋ ಜ್ವರ ಇಳಿಸುತ್ತದೆ. ನುಂಗಿದವರು ಡಾಕ್ಟರಿಗೆ ಕೈ ಮುಗಿಯುತ್ತಾರೆ, ಅದು ಸರಿಯೇ. ಕೆಂಪಣ್ಣನಂಥವರ ನೆನಪು ಯಾರಿಗೂ ಬರುವುದಿಲ್ಲ.

“ದಿನಾ ಬಿಳೀದೇ ನೋಡಿ ನೋಡಿ ಕಣ್ಣು ಸೋತೋಯ್ತದೆ ಸಾರ್. ಮನೆಗೆ ಬಂದು ಒಂದು ಕೆಂಪು ತುಂಡು ಕೈಗೆತ್ಕಂಡ್ರೆ ಜೀವ ಬಂದಂಗಾಯ್ತದೆ,” ಎಂದು ಅವರು ಹೇಳುವಾಗ ದನಿ ತಗ್ಗುತ್ತದೆ. ಸಂತೋಷದ ಮಾತನ್ನೂ ತಪ್ಪೊಪ್ಪಿಗೆಯ ಹಾಗೆ ಹೇಳುವುದು ಈ ಮನುಷ್ಯನ ಸ್ವಭಾವ.

ಸ್ವಭಾವ ಎಂದರೆ ಪೂರ್ತಿ ಸರಿಯಲ್ಲ, ಬೆಳೆದು ಬಂದ ರೀತಿ ಎನ್ನಬೇಕು. ಅಪ್ಪ ಮಧುಗಿರಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದವರು. ಗಿರಣಿಯ ಮುಂದೆ ಬಿದ್ದ ಬಳೆ ಚೂರು, ಬೆಂಕಿಪೊಟ್ಟಣ ಆರಿಸಿ ಕೆಂಪಣ್ಣ ಗೋಪುರ ಕಟ್ಟುತ್ತಾ ಕೂತರೆ ಅಪ್ಪ ಕಾಲಲ್ಲಿ ಸರಿಸಿ ಹೋಗುತ್ತಿದ್ದರಂತೆ. “ಗಂಡ್ಸು ಆಟ ಆಡ್ಕಂಡ್ ಕುಂತ್ರೆ ಮನೆ ಉದ್ಧಾರ ಆಯ್ತದಾ ಅಂತಿದ್ರು. ನಂಗೆ ಒಡೀತಿರ್ಲಿಲ್ಲ. ನಾಲ್ಕ್ ಜನದ ಮುಂದೆ ನಗೋರು, ಅಷ್ಟೇ.” ಹೊಡೆತ ಮರೆತುಹೋಗುತ್ತದೆ, ನಾಲ್ಕು ಜನರ ಮುಂದಿನ ನಗು ಮರೆಯುವುದಿಲ್ಲ. ಐಟಿಐ ಮುಗಿಸಿ, ಹೈದರಾಬಾದಿನಲ್ಲಿ ಕೆಲವು ವರ್ಷ ದುಡಿದು ಪರವಾಡಕ್ಕೆ ಬರುವ ಹೊತ್ತಿಗೆ ಕೆಂಪಣ್ಣ ಆ ನಗುವನ್ನೂ ಪೆಟ್ಟಿಗೆಯ ಜೊತೆ ಹೊತ್ತು ತಂದಿದ್ದರು.

ಮಗಳು ಇಂಚರಾಗೆ ಮೂರು ತುಂಬಿದಾಗ ಒಂದು ಡಬ್ಬಿ ಪ್ಲಾಸ್ಟಿಕ್ ಇಟ್ಟಿಗೆ ಕೊಂಡು ತಂದರು. ಮಗು ಎರಡು ದಿನ ಆಡಿ ಮೂಲೆಗೆ ಎಸೆಯಿತು. ಅಪ್ಪ ಎತ್ತಿಡಲು ಹೋದರು, ಹೋದವರು ಅಲ್ಲೇ ಕೂತರು. ಇಂದಿಗೂ ಎದ್ದಿಲ್ಲ ಎನ್ನುವುದು ಉಮಾದೇವಿಯವರ ತಮಾಷೆ.

ಆದರೆ ಒಂದು ಡಬ್ಬಿ ಯಾವ ಮೂಲೆಗೆ ಸಾಕು? ಹೊಸದಕ್ಕೆ ಕೈ ಹಾಕುವಂತಿಲ್ಲ, ಬೆಲೆ ಕೇಳಿದರೆ ಹೊಟ್ಟೆಗೆ ಹಿಟ್ಟಿಲ್ಲದವನು ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ. ಕೆಂಪಣ್ಣ ಬೇರೆ ದಾರಿ ಹುಡುಕಿದರು. ನೌಕಾಪಡೆಯವರು ವರ್ಗವಾಗಿ ಹೊರಡುವಾಗ ಬೇಡದ ಸಾಮಾನು ಮಾರಿ ಹೋಗುವುದು ಇಲ್ಲಿನ ವಾಡಿಕೆ. ಸೋಫಾ, ಫ್ರಿಜ್ಜುಗಳ ನಡುವೆ ಮಕ್ಕಳು ಆಡಿ ಬಿಟ್ಟ ಇಟ್ಟಿಗೆಗಳ ಬಕೆಟ್ಟೂ ಇರುತ್ತದೆ. ಎಲ್ಲರೂ ಸೋಫಾದ ಸುತ್ತ ಚೌಕಾಸಿ ಮಾಡುವಾಗ ಕೆಂಪಣ್ಣ ಬಕೆಟ್ಟಿನ ಹತ್ತಿರ ಸುಳಿದಾಡುತ್ತಿದ್ದರು. ಯಾರಾದರೂ ನೋಡಿದರೆ ಕೇಳುವ ಮೊದಲೇ “ಮಗಳಿಗೆ” ಎನ್ನುತ್ತಿದ್ದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಅಂಥ ಒಂದು ಮಾರಾಟದಲ್ಲಿ ಅವರ ಕೈ ಬಕೆಟ್ಟಿನ ಹಿಡಿ ಮೇಲೆ ಬಿದ್ದ ಗಳಿಗೆಯಲ್ಲೇ ಇನ್ನೊಂದು ಕೈಯೂ ಬಿತ್ತು. ವಿಜಯವಾಡದ ಪಟಮಟದಿಂದ ತಂಗಿಯ ಮನೆಗೆ ಬಂದಿದ್ದ ಬ್ಯಾಂಕ್ ನೌಕರ ಸೂರ್ಯಪ್ರಕಾಶ ಅವರದು. “ಮಗಳಿಗೆ,” ಎಂದರು ಕೆಂಪಣ್ಣ. “ಮಗನಿಗೆ,” ಎಂದರು ಅವರು. ವಯಸ್ಸೆಷ್ಟು ಎಂದು ಕೆಂಪಣ್ಣ ಕೇಳಿದ್ದಕ್ಕೆ ಆತ “ಏಳು” ಎಂದು, ತಡವರಿಸಿ “ಒಂಬತ್ತು” ಎಂದರಂತೆ. ಮಾತಾಡುತ್ತಲೇ ಇಬ್ಬರೂ ಒಂದೊಂದು ತುಂಡು ಎತ್ತಿ ಬೆಳಕಿಗೆ ಹಿಡಿದು ಬಣ್ಣ ಹಳದಿಗಟ್ಟಿದೆಯೇ ಎಂದು ನೋಡಿದರು, ಉಗುರಿನಲ್ಲಿ ಅಂಚು ಸವರಿದರು. ಮಗುವಿಗೆ ಆಟಿಕೆ ಕೊಳ್ಳುವ ಅಪ್ಪ ಹಾಗೆ ನೋಡುವುದಿಲ್ಲ. ಇಬ್ಬರಿಗೂ ಅರ್ಥವಾಯಿತು. ಸೂರ್ಯಪ್ರಕಾಶರಿಗೆ ಮಗ ಹಾಗಿರಲಿ, ಮದುವೆಯೇ ಆಗಿರಲಿಲ್ಲ. ಬಕೆಟ್ಟನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡರು.

ಸೂರ್ಯಪ್ರಕಾಶ ಮತ್ತು ಅವರಂಥ ಹತ್ತಾರು ಮಂದಿ ಪ್ರತಿ ಸಂಕ್ರಾಂತಿ ರಜೆಯಲ್ಲಿ ಪಟಮಟದ ಶಾಲೆಯೊಂದರ ಸಭಾಂಗಣದಲ್ಲಿ ಸೇರುತ್ತಾರೆ. ತಾವು ಕಟ್ಟಿದ್ದನ್ನು ಮೇಜಿನ ಮೇಲಿಡುತ್ತಾರೆ, ಬಂದವರು ನೋಡಿಕೊಂಡು ಹೋಗುತ್ತಾರೆ. ಅವರದು ಮೂರೇ ಕಟ್ಟುಪಾಡು. ಗೋಂದು ಹಚ್ಚುವಂತಿಲ್ಲ, ಸಂಜೆಗೆ ಎಲ್ಲವನ್ನೂ ಬಿಡಿಸಿ ಮತ್ತೆ ಬಕೆಟ್ಟಿಗೆ ಹಾಕಬೇಕು. ಇನ್ನೊಂದು, ಕಟ್ಟಿದವರು ಒಂದು ಚೀಟಿಯಲ್ಲಿ ತಮ್ಮ ಹೆಸರಿನ ಜೊತೆ ವಯಸ್ಸನ್ನೂ ಬರೆದು ಪಕ್ಕದಲ್ಲಿಡಬೇಕು. ನಾಚಿಕೆ ಬಿಡಿಸುವುದಕ್ಕೆಂದೇ ಮಾಡಿದ ನಿಯಮ ಅದು. ಕೆಂಪಣ್ಣ ಎರಡು ವರ್ಷ ರೈಲು ಹತ್ತಿ ಹೋದರು. ಎರಡು ವರ್ಷವೂ ಕೈ ಬೀಸಿಕೊಂಡು ಹೋಗಿ, ಮೇಜುಗಳ ನಡುವೆ ಓಡಾಡಿ, ಯಾರಾದರೂ ಕೇಳಿದರೆ “ಸುಮ್ಮನೆ ನೋಡಲು ಬಂದೆ” ಎಂದು ವಾಪಸಾದರು. ವಯಸ್ಸು ಬರೆಯುವ ಧೈರ್ಯ ಬರಲಿಲ್ಲ.

ಕೂರ್ಮನ್ನಪಾಲೆಂನಲ್ಲಂತೂ ಅವರ ಗುಟ್ಟು ಕಾಯುವ ಪರಿ ನಗು ತರಿಸುವಂಥದು. ಕೆಳಗಿನ ಮನೆಯ ಒಡತಿ ಕೋಟೇಶ್ವರಮ್ಮ ಒಂದು ದಿನ ಮೆಟ್ಟಿಲು ಹತ್ತಿ ಬಂದು “ಪೈನ ಎಲುಕಲು ಉನ್ನಾಯಾ ಅಂಡಿ?” ಎಂದು ಕೇಳಿದರು. ಮೇಲೆ ಇಲಿ ಸೇರಿಕೊಂಡಿವೆಯಾ, ಬೆಳಗಿನ ಜಾವ ಕಟಕಟ ಸದ್ದು ಬರುತ್ತದೆ ಎಂದು ಅವರ ದೂರು. ಕೆಂಪಣ್ಣ ಹೌದೆಂದುಬಿಟ್ಟರು. ಆ ಪುಣ್ಯಾತ್ಗಿತ್ತಿ ಮರುದಿನವೇ ಒಂದು ಇಲಿಬೋನು ತಂದುಕೊಟ್ಟರು. ಇಲ್ಲದ ಇಲಿಗೆ ವಡೆ ತುಂಡು ಸಿಕ್ಕಿಸಿ ಬೋನು ಇಡುವುದು ಕೆಂಪಣ್ಣನವರ ದಿನದ ಕೆಲಸಕ್ಕೆ ಸೇರಿಕೊಂಡಿತು. ಸೊಲ್ಲಾಪುರ ಚಾದರ ಬಂದದ್ದೂ ಆ ದಿನದಿಂದಲೇ, ಸದ್ದು ಕೆಳಗೆ ಕೇಳದಿರಲಿ ಎಂದು.

ಇಲಿಯ ಸುಳ್ಳು ಯಾರಿಗೂ ನೋವು ಮಾಡಲಿಲ್ಲ. ಹುಂಜದ ಸುಳ್ಳು ಹಾಗಲ್ಲ. ಆ ಕತೆ ಹೇಳಲು ಶುರು ಮಾಡಿದರೆ ಕೆಂಪಣ್ಣ ಎದ್ದು ಒಮ್ಮೆ ಕಿಟಕಿಯ ಹತ್ತಿರ ಹೋಗಿ ಬರುತ್ತಾರೆ.

ಎರಡು ಸಾವಿರದ ಆರನೇ ಇಸವಿ. ಊರ ನಾಟಿ ಹುಂಜವೊಂದನ್ನು ಕಟ್ಟಿ ಮುಗಿಸಿದ್ದರು. ಕೆಂಪು ಜುಟ್ಟು, ಹಳದಿ ಕತ್ತು, ಬಾಗಿ ನಿಂತ ಕಪ್ಪು ಬಾಲ. ಒಡೆಯಲು ಮನಸ್ಸಾಗದೆ ಫ್ರಿಜ್ಜಿನ ಮೇಲೆ ಇಟ್ಟಿದ್ದರು. ರಾಜ್ಯೋತ್ಸವಕ್ಕೆ ಚಂದಾ ಕೇಳಲು ಬಂದ ಕನ್ನಡ ಸಂಘದವರು ಅದನ್ನು ನೋಡಿ ಬೆರಗಾಗಿ ಯಾರು ಮಾಡಿದ್ದು ಎಂದರು.

“‘ಇಂಚರಾ’ ಅಂದ್ಬುಟ್ಟೆ. ಯೋಚ್ನೆ ಮಾಡಿ ಯೋಳಿದ್ದಲ್ಲ ಸಾರ್, ನಾಲ್ಗೆ ತಾನೇ ಓಡ್ತು. ಅವ್ರು ಮಕ್ಳ ಪ್ರದರ್ಶನಕ್ಕೆ ತರ್ಲೇಬೇಕು ಅಂತ ಕುಂತ್ರು. ಆಗ್ಲಾದ್ರೂ ಇಲ್ಲ ಅನ್ಬೌದಿತ್ತು.”

ಒಂದು ಸುಳ್ಳಿನ ಮಾನ ಉಳಿಸಲು ನೂರು ಸುಳ್ಳು ಬೇಕು. ಹುಂಜ ಸಭೆಗೆ ಹೋಯಿತು, ಮೊದಲ ಬಹುಮಾನವನ್ನೂ ಗೆದ್ದಿತು. ಏಳು ವರ್ಷದ ಇಂಚರಾಳನ್ನು ವೇದಿಕೆಗೆ ಕರೆದು ಒಂದು ಸ್ಟೀಲಿನ ಊಟದ ಡಬ್ಬಿ ಕೊಟ್ಟರು. ಎಷ್ಟು ದಿನ ಬೇಕಾಯಿತು ಮರಿ ಎಂದು ಯಾರೋ ಮೈಕು ಮುಂದೆ ಹಿಡಿದರು. ಮಗು ಅಪ್ಪನ ಕಡೆ ನೋಡಿತು. ಎರಡನೇ ಸಾಲಿನಲ್ಲಿ ಕೂತಿದ್ದ ಕೆಂಪಣ್ಣ ಎರಡು ಬೆರಳು ಎತ್ತಿ ತೋರಿಸಿದರು. “ಎರಡು ವಾರ,” ಎಂದಿತು ಮಗು. ಸಭೆ ಚಪ್ಪಾಳೆ ತಟ್ಟಿತು. “ಆ ಬೆರಳು ಎತ್ತಿದ್ದು ನೆನಸ್ಕಂಡ್ರೆ ಈಗ್ಲೂ ಕೈ ಕತ್ತರಿಸಿ ಆಕಣ ಅನ್ನಿಸ್ತದೆ,” ಎನ್ನುತ್ತಾರೆ.

ಎರಡನೇ ಬಹುಮಾನ ಬಂದದ್ದು ಹತ್ತು ವರ್ಷದ ಅಮೂಲ್ಯಾಗೆ. ಅಪ್ಪ ತಿಮ್ಮಯ್ಯ ಹಾಸನ ಕಡೆಯವರು, ನೌಕಾಪಡೆಯಲ್ಲಿ ಕೆಲಸ. ಆ ಹುಡುಗಿಯೂ ಇದೇ ಇಟ್ಟಿಗೆಗಳಲ್ಲಿ ಬೀಚ್ ರಸ್ತೆಯ ದಡದಲ್ಲಿ ನಿಂತಿರುವ ಜಲಾಂತರ್ಗಾಮಿಯನ್ನು ಕಟ್ಟಿ ತಂದಿದ್ದಳು. ಕಪ್ಪು ತುಂಡು ಸಾಲದೆ ಅದರ ಹಿಂಭಾಗವೆಲ್ಲ ಹಳದಿಯಾಗಿತ್ತು. ಸಭೆ ಮುಗಿದ ಮೇಲೆ ಮಕ್ಕಳೆಲ್ಲ ಹುಂಜದ ಸುತ್ತ ಮುತ್ತಿಕೊಂಡಾಗ ಅಮೂಲ್ಯಾ ಬಗ್ಗಿ ಬಾಲವನ್ನು ನೋಡಿದಳು, ಬೆರಳಿನಲ್ಲಿ ಸವರಿದಳು.

“ಇದ್ರಲ್ಲಿ ಹಲ್ಲಿನ ಗುರ್ತಿದೆ. ಇಂಚರಾಗೆ ಮುಂದಿನ ಹಲ್ಲೇ ಇಲ್ವಲ್ಲ?” ಎಂದಳು.

ನಿಜವೇ. ಹಾಲುಹಲ್ಲು ಬಿದ್ದು ಇಂಚರಾಳ ಬಾಯಿ ಮುಂದೆ ಖಾಲಿ. ಬಾಲದ ಕಪ್ಪು ತುಂಡುಗಳ ಅಂಚಿನಲ್ಲೋ ದೊಡ್ಡವರ ಎರಡು ಹಲ್ಲು ಕಚ್ಚಿ ಬಿಟ್ಟ ಗುರುತು ಸಾಲಾಗಿತ್ತು. ಬಿಗಿದ ತುಂಡನ್ನು ಹಲ್ಲಿನಲ್ಲಿ ಬಿಡಿಸುವುದು ಈ ಹುಚ್ಚು ಹಿಡಿದವರೆಲ್ಲ ಮಾಡುವ ತಪ್ಪು. ಅಂಗಡಿಯವರಿಗೂ ತೀರ್ಪುಗಾರರಿಗೂ ಅದು ಕಾಣುವುದಿಲ್ಲ, ತಾನೂ ಹಾಗೇ ಕಚ್ಚುವವರಿಗೆ ಮಾತ್ರ ಕಾಣುತ್ತದೆ.

ಸುತ್ತ ನಿಂತ ದೊಡ್ಡವರು ನಕ್ಕರು. ಮೊದಲ ಬಹುಮಾನ ತಪ್ಪಿತಲ್ಲ, ಹೊಟ್ಟೆಕಿಚ್ಚು ಎಂದರು ಯಾರೋ. ತಿಮ್ಮಯ್ಯನವರ ಮುಖ ಕೆಂಪಾಯಿತು. ಶಿಸ್ತಿನ ಮನುಷ್ಯ. ಮಗಳ ಭುಜ ಹಿಡಿದು ಮುಂದೆ ತಂದು ಇಂಚರಾಗೆ ಸಾರಿ ಕೇಳು ಎಂದರು. ಅಮೂಲ್ಯಾ ಬಾಯಿ ಬಿಡಲಿಲ್ಲ. ಅಪ್ಪ ಇನ್ನೊಮ್ಮೆ ಹೇಳಿದರು. ಆ ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು, ನೆಲ ನೋಡುತ್ತಾ, ನಿಜ ಹೇಳಿದ ತಪ್ಪಿಗೆ ಸಾರಿ ಕೇಳಿದಳು.

ಕೆಂಪಣ್ಣ ಮಾರು ದೂರದಲ್ಲಿ ನಿಂತಿದ್ದರು. ಹುಂಜ ನನ್ನದು ಎಂದು ಹೇಳಲು ಎಷ್ಟು ಹೊತ್ತು ಬೇಕು? ಹೇಳಲಿಲ್ಲ. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತಂತೆ, ಭೂಮಿಗೆ ಅಂಥ ಕೆಲಸಗಳಿಗೆ ಪುರುಸೊತ್ತು ಇರುವುದಿಲ್ಲ. ಹುಂಜವನ್ನು ಬಗಲಲ್ಲಿ ಇಟ್ಟುಕೊಂಡು, ಮಗಳ ಕೈ ಹಿಡಿದುಕೊಂಡು ಸಿಟಿ ಬಸ್ಸು ಹತ್ತಿದರು.

ಮನೆಗೆ ಬಂದ ಮೇಲೆ ಉಮಾದೇವಿ ಕೇಳಿದರು. “ನಿಮ್ಮ ನಾಚಿಕೆ ಮುಚ್ಚಕ್ಕೆ ಎರಡು ಮಕ್ಳು ಬೇಕಾಯ್ತಾ ರೀ?”

ಸ್ಟೀಲ್ ಡಬ್ಬಿ ಫ್ರಿಜ್ಜಿನ ಮೇಲೆ ಕೂತಿತು. ಇಂಚರಾ ಅದರಲ್ಲಿ ಒಂದು ದಿನವೂ ಊಟ ಒಯ್ಯಲಿಲ್ಲ. ಹುಂಜ ಅಟ್ಟ ಸೇರಿತು. ಕೆಂಪಣ್ಣ ಅದನ್ನು ಒಡೆಯಲೂ ಇಲ್ಲ, ಕೆಳಗೆ ಇಳಿಸಲೂ ಇಲ್ಲ. ಯುಗಾದಿ ಕೂಟದಲ್ಲಿ ತಿಮ್ಮಯ್ಯ ತಾವಾಗಿ ಬಂದು ಕೈ ಹಿಡಿದು “ನಮ್ಮ ಹುಡ್ಗಿ ಅವತ್ತು ಆಡಿದ್ದು ಮನ್ಸಲ್ಲಿ ಇಟ್ಕೋಬೇಡಿ ಕೆಂಪಣ್ಣೋರೆ, ಸ್ವಲ್ಪ ಹಟಮಾರಿ,” ಎಂದಾಗ ಕೆಂಪಣ್ಣನವರಿಗೆ ಬೈಗುಳ ತಿಂದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. “ಇರ್ಲಿ ಬಿಡಿ, ಮಕ್ಳು” ಎಂದು ದೊಡ್ಡ ಮನಸ್ಸು ತೋರಿಸಿ ಬಂದರು. ಅದನ್ನು ಹೇಳುವಾಗ ಅವರು ಎರಡೂ ಕೈಯಲ್ಲಿ ಮುಖ ಉಜ್ಜಿಕೊಳ್ಳುತ್ತಾರೆ. “ದೊಡ್ಡಮನ್ಸು ಸಾರ್! ನಂದು! ಥೂ.”

ಹೀಗೆಯೇ ಉಳಿದುಬಿಡುತ್ತಿತ್ತೇನೋ. ಮನುಷ್ಯ ಯಾವ ಅವಮಾನಕ್ಕಾದರೂ ಒಗ್ಗಿಕೊಳ್ಳುತ್ತಾನೆ. ಆದರೆ ಮಕ್ಕಳ ಬಾಯಲ್ಲಿ ಹಲ್ಲು ಬರುವುದನ್ನು ತಡೆಯಲಾಗುವುದಿಲ್ಲ. ಮರುವರ್ಷ, ಅಂದರೆ ಕಳೆದ ಅಕ್ಟೋಬರಿನಲ್ಲಿ, ಒಂದು ಸಂಜೆ ಮೂವರೂ ಊಟಕ್ಕೆ ಕೂತಿದ್ದಾರೆ. ಇಂಚರಾಗೆ ಮನೆಯ ಹೊರಗೆಲ್ಲ ತೆಲುಗು, ಅಪ್ಪನನ್ನು ಕರೆಯುವುದೂ ತೆಲುಗಿನವರ ಹಾಗೆ ‘ನಾನ್ನಾ’ ಎಂದೇ. ತುಟಿ ಸರಿಸಿ ಹೊಸದಾಗಿ ಬಂದ ಎರಡು ಹಲ್ಲುಗಳನ್ನು ತೋರಿಸಿದಳು.

“ನಾನ್ನಾ, ನೋಡಿ, ಪೂರ್ತಿ ಬಂತು. ಇನ್ಮೇಲೆ ಯಾರಾದ್ರೂ ಕೇಳಿದ್ರೆ ಹುಂಜ ನಾನೇ ಮಾಡಿದ್ದು ಅಂತ ಹೇಳ್ಬಹುದು. ಯಾರಿಗೂ ಗೊತ್ತಾಗಲ್ಲ.”

ಕೆಂಪಣ್ಣನವರ ಕೈಯಲ್ಲಿದ್ದ ಮುದ್ದೆಯ ತುತ್ತು ಕೈಯಲ್ಲೇ ಉಳಿಯಿತು. ಮಗು ಒಂದು ವರ್ಷವಿಡೀ ಅಪ್ಪನ ಸುಳ್ಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಅದರಲ್ಲಿದ್ದ ಒಂದು ತೂತನ್ನು ಮುಚ್ಚಲು ಹಲ್ಲು ಬರುವುದನ್ನೇ ಕಾಯುತ್ತಿತ್ತು. ಅಪ್ಪನಿಗೆ ಸಹಾಯ ಮಾಡಿದೆ ಎಂಬ ಹೆಮ್ಮೆ ಅದರ ಮುಖದಲ್ಲಿ.

“ನಮ್ಮಪ್ಪ ನಕ್ಕಿದ್ದು ನಂಗೆ ಜೀವಮಾನ ಪೂರ್ತಿ ಅಂಟ್ಕತು. ನಾನು ನನ್ ಮಗಳಿಗೆ ಏನು ಅಂಟಿಸ್ತಾ ಇವ್ನಿ ಅಂತ ಅವತ್ತು ಕಂಡ್ತು ಸಾರ್,” ಎನ್ನುತ್ತಾರೆ ಕೆಂಪಣ್ಣ.

ಮುಂದಿನ ಭಾನುವಾರ ಅವರು ಅಟ್ಟದಿಂದ ಹುಂಜ ಇಳಿಸಿ, ಸ್ಟೀಲ್ ಡಬ್ಬಿ ಚೀಲಕ್ಕೆ ಹಾಕಿ, ಹೆಂಡತಿ ಮಗಳೊಂದಿಗೆ ತಿಮ್ಮಯ್ಯನವರ ಕ್ವಾರ್ಟರ್ಸಿಗೆ ಹೋದರು. ಬಸ್ಸಿನಲ್ಲಿ ಹುಂಜವನ್ನು ಟವೆಲ್ಲಿನಲ್ಲಿ ಸುತ್ತಿದ್ದರು. ಉಮಾದೇವಿ ಟವೆಲ್ಲು ಎಳೆದು ತೆಗೆದು ಮಡಚಿ ಚೀಲಕ್ಕೆ ಹಾಕಿದರು. ಬಸ್ಸಿನವರೆಲ್ಲ ನೋಡಿದರು. ನೋಡಲಿ ಎಂದು ಕೂರುವುದು ಎಷ್ಟು ಕಷ್ಟ ಎಂದು ಕೆಂಪಣ್ಣನವರಿಗೆ ಅವತ್ತು ಗೊತ್ತಾಯಿತು.

ತಿಮ್ಮಯ್ಯ ಬಾಗಿಲು ತೆಗೆದು ಒಳಗೆ ಕರೆದರು. ಕೆಂಪಣ್ಣ ಕೂರಲಿಲ್ಲ. ನಿಂತುಕೊಂಡೇ, ಒಂದೇ ಉಸಿರಿನಲ್ಲಿ ಹೇಳಿದರು. “ಇದು ನಾನು ಮಾಡಿದ್ದು. ಇಂಚರಾ ಅಲ್ಲ. ನಾನೇ ಆಡೋದು ಇವನ್ನ, ದಿನಾ. ಹಲ್ಲು ನಂದೇ. ನಿಮ್ಮ ಮಗಳು ನಿಜ ಯೋಳಿದ್ಲು, ನಾನು ನಿಂತ್ಕಂಡು ನೋಡ್ದೆ.”

ಬೈಯುತ್ತಾರೆ ಎಂದು ಕೆಂಪಣ್ಣ ಕಾದರು, ಬೈದಿದ್ದರೆ ಹಗುರವಾಗುತ್ತಿತ್ತು ಎನ್ನುತ್ತಾರೆ. ತಿಮ್ಮಯ್ಯ ಒಳಗೆ ಹೋಗಿ ಮಗಳನ್ನು ಕರೆದು ತಂದರು. ಆಕೆಯ ಮುಂದೆ ಮಂಡಿಯೂರಿ ಕೂತು, “ಅವತ್ತು ನಿನ್ನ ಮಾತು ನಾನು ನಂಬ್ಬೇಕಿತ್ತು ಕಣಮ್ಮ. ಎಲ್ಲರ ಎದುರಿಗೆ ತಪ್ಪು ಒಪ್ಪಿಸ್ದೆ. ತಪ್ಪು ನಂದು,” ಎಂದರು. ತಪ್ಪು ಮಾಡಿದವನೊಬ್ಬ, ಮಗುವಿನ ಮುಂದೆ ಮೊದಲು ತಲೆ ತಗ್ಗಿಸಿದವನು ಇನ್ನೊಬ್ಬ. ಕೆಂಪಣ್ಣನವರಿಗೆ ಅಲ್ಲಿಯೂ ನಾಚಿಕೆ ಕಾದಿತ್ತು.

ಅಮೂಲ್ಯಾ ಸ್ಟೀಲ್ ಡಬ್ಬಿಯನ್ನು ನೋಡಿದಳು, ಮುಟ್ಟಲಿಲ್ಲ. ಹುಂಜದ ಬಾಲವನ್ನು ಮುಟ್ಟಿದಳು.

“ನಾನೂ ಹಲ್ಲಲ್ಲೇ ಬಿಡ್ಸೋದು ಅಂಕಲ್, ಅದಕ್ಕೇ ಗೊತ್ತಾಯ್ತು,” ಎಂದಳು. ಆಮೇಲೆ, “ಡಬ್ಬಿ ಬೇಡ. ಈ ಕಪ್ಪು ಪೀಸ್ ಕೊಡ್ತೀರಾ? ನನ್ ಸಬ್‌ಮರೀನಿಗೆ ಹಿಂದೆ ಸಾಲ್ಲಿಲ್ಲ.”

ಒಂದು ವರ್ಷ ಒಡೆಯಲಾಗದ ಹುಂಜವನ್ನು ಆ ಮಧ್ಯಾಹ್ನ ಇಬ್ಬರು ಹುಡುಗಿಯರು ನೆಲದ ಮೇಲೆ ಕೂತು ಒಡೆದರು. ಇಂಚರಾ ಹೊಸ ಹಲ್ಲುಗಳನ್ನು ಅದರ ಮೇಲೇ ಪರೀಕ್ಷೆ ಮಾಡಲು ಹೊರಟಾಗ ಉಮಾದೇವಿ ಗದರಿಸಿದರು. ಸಂಜೆಯ ಹೊತ್ತಿಗೆ ಜಲಾಂತರ್ಗಾಮಿ ಬಾಲದವರೆಗೂ ಕಪ್ಪಾಗಿತ್ತು. ಅದರಿಂದ ತೆಗೆದ ಹಳದಿ ತುಂಡುಗಳನ್ನು ಅಮೂಲ್ಯಾ ಬದಲಿಗೆ ಚೀಲಕ್ಕೆ ತುಂಬಿ ಕಳಿಸಿದಳು.

ಮನೆಗೆ ಬಂದ ಕೆಂಪಣ್ಣ ಕೋಟೇಶ್ವರಮ್ಮನವರ ಬಾಗಿಲು ತಟ್ಟಿ ಇಲಿಬೋನನ್ನೂ ಹಿಂತಿರುಗಿಸಿದರು. ಇಲಿ ನಾನೇ ಎಂದು ಹೇಳಿದಾಗ ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ನಕ್ಕ ನಗು ಬೀದಿಯ ಕೊನೆಗೆ ಕೇಳಿಸಿತು. ಕೆಂಪಣ್ಣ ಆ ನಗುವನ್ನು ನಿಂತು ಕೇಳಿಸಿಕೊಂಡರು. ಇಷ್ಟೆಲ್ಲ ಆದ ಮೇಲೂ ಗಂಟೆ ಬಾರಿಸಿದರೆ ಕೈ ಚಾದರದ ಮೂಲೆಗೆ ಹೋಗುವುದು ತಪ್ಪಿಲ್ಲ, ಈ ಡಿಸೆಂಬರಿನ ಬೆಳಗ್ಗೆ ಕಂಡ ಹಾಗೆ. ಮೂವತ್ತು ವರ್ಷ ಬೆಳೆದ ನಾಚಿಕೆ ಒಂದು ಭಾನುವಾರಕ್ಕೆ ಹೋಗುವುದಿಲ್ಲ.

ಹಾಗೆ ಗಂಟಿನಲ್ಲಿ ಮುರಿದು, ಮತ್ತೆ ಕಟ್ಟಿ, ಮತ್ತೆ ಮುರಿದು ಮುಗಿದ ನಿದ್ದೆಯ ಮನುಷ್ಯ ಈಗ ವಿಜಯವಾಡದಲ್ಲಿದ್ದಾನೆ. ಸಂಕ್ರಾಂತಿ ರಜೆ, ಪಟಮಟದ ಶಾಲೆಯ ಸಭಾಂಗಣ. ಬೆಳಗ್ಗೆ ಉಮಾದೇವಿ ಇಂದ್ರಕೀಲಾದ್ರಿ ಹತ್ತಿ ದುರ್ಗಮ್ಮನ ದರ್ಶನ ಮಾಡಿಸಿಕೊಂಡೇ ಗಂಡನನ್ನು ಇಲ್ಲಿಗೆ ಕರೆತಂದಿದ್ದಾರೆ. ಮೂರು ತುಂಡಾಗಿ ರೈಲಿನಲ್ಲಿ ಬಂದ ಶಿಲ್ಪವನ್ನು ಮೇಜಿನ ಮೇಲೆ ಜೋಡಿಸಿದ್ದಾರೆ. ಬಸ್ಸಿನ ಕಿಟಕಿಗೆ ತಲೆ ಆನಿಸಿ ಮಲಗಿರುವ ಕಾರ್ಮಿಕ, ತೊಡೆಯ ಮೇಲೆ ಊಟದ ಚೀಲ, ಚೀಲದ ಹಿಡಿಯನ್ನು ನಿದ್ದೆಯಲ್ಲೂ ಬಿಡದ ಬೆರಳುಗಳು. ಪರವಾಡದ ಕಂಪನಿ ಬಸ್ಸಿನಲ್ಲಿ ದಿನವೂ ಪಕ್ಕದಲ್ಲಿ ಕೂರುವ ದುರ್ಗಾಪ್ರಸಾದ್ ಅವರ ಮುಖವೇ ಮಾದರಿ. ಮುಖ ಅವನದು, ಹಿಡಿ ಬಿಡದ ಕೈ ನನ್ನದು ಎನ್ನುತ್ತಾರೆ ಕೆಂಪಣ್ಣ.

ಚೀಟಿ ಮಾತ್ರ ಇನ್ನೂ ಖಾಲಿ. ಸೂರ್ಯಪ್ರಕಾಶ ಎರಡು ಸಲ ಬಂದು ಪೆನ್ನು ಕೊಟ್ಟು ಹೋಗಿದ್ದಾರೆ. ಹೆಸರು ಬರೆದಾಗಿದೆ. ಅಲ್ಪವಿರಾಮವನ್ನೂ ಹಾಕಿದ್ದಾಗಿದೆ. ಅಲ್ಲಿಂದ ಮುಂದೆ ಪೆನ್ನು ಹೋಗುತ್ತಿಲ್ಲ. ಜನ ಬರತೊಡಗುತ್ತಾರೆ. ಕಚೇರಿಗೆ ಹೋಗುವವರಂತೆ ಇಸ್ತ್ರಿ ಅಂಗಿ ತೊಟ್ಟ ಒಬ್ಬರು ಮೇಜಿನ ಮುಂದೆ ನಿಲ್ಲುತ್ತಾರೆ, ಶಿಲ್ಪವನ್ನು ನೋಡುತ್ತಾರೆ, ಪಕ್ಕದಲ್ಲಿ ನಿಂತ ಹುಡುಗಿಯನ್ನು ನೋಡುತ್ತಾರೆ, ಸಹಜವಾಗಿ ಬಾಗಿ ಕೇಳುತ್ತಾರೆ.

“ನುವ್ವೇ ಕಟ್ಟಾವಾ ಪಾಪಾ?” ನೀನೇ ಕಟ್ಟಿದ್ದಾ ಮರಿ?

ಇಂಚರಾ ಅಪ್ಪನ ಕಡೆ ತಿರುಗುತ್ತಾಳೆ. ವೇದಿಕೆಯ ಮೇಲೆ ಅವತ್ತು ತಿರುಗಿದ ಹಾಗೆಯೇ. ಕೆಂಪಣ್ಣ ಈ ಸಲ ಬೆರಳು ಎತ್ತುವುದಿಲ್ಲ. ಬಗ್ಗಿ ಚೀಟಿಯ ಮೇಲೆ ನಲವತ್ತೆರಡು ಎಂದು ಬರೆಯುತ್ತಾರೆ. ಅಕ್ಷರ ಸ್ವಲ್ಪ ಸೊಟ್ಟಗಾಗುತ್ತದೆ.

“ಕಾದಂಡಿ, ಮಾ ನಾನ್ನ ಕಟ್ಟಾರು,” ಎನ್ನುತ್ತಾಳೆ ಇಂಚರಾ, ಅಲ್ಲ, ನಮ್ಮಪ್ಪ ಕಟ್ಟಿದ್ದು ಎಂದು, ಸಭಾಂಗಣದ ಆ ಕೊನೆಗೂ ಕೇಳುವ ಹಾಗೆ. ಹೊಸ ಹಲ್ಲು ಎರಡೂ ಕಾಣುತ್ತವೆ. ಬಂದವರು ಚೀಟಿ ಓದಿ, ಕೆಂಪಣ್ಣನ ಮುಖ ನೋಡಿ, ಮತ್ತೆ ಚೀಟಿ ಓದುತ್ತಾರೆ. ನಗುತ್ತಾರೆ ಕೂಡ. ಕೆಂಪಣ್ಣ ಬೆವರುತ್ತಾರೆ, ಕಿವಿ ಕೆಂಪಾಗುತ್ತದೆ, ಆದರೆ ಮೇಜು ಬಿಟ್ಟು ಕದಲುವುದಿಲ್ಲ.

ಸಂಜೆ ಕಟ್ಟುಪಾಡಿನಂತೆ ನಿದ್ದೆಯ ಮನುಷ್ಯನನ್ನು ಬಿಡಿಸಿ ಬಕೆಟ್ಟಿಗೆ ಹಾಕುವಾಗ, ಮುಂದೇನು ಆಸೆ ಎಂದು ಕೇಳಿದರೆ ದೊಡ್ಡ ಪ್ರದರ್ಶನ, ಹೆಸರು, ಹೊಸ ಡಬ್ಬಿಗಳು, ಇವು ಯಾವುವೂ ಅವರ ಬಾಯಿಗೆ ಬರುವುದಿಲ್ಲ.

“ನಾಚ್ಕೆ ಇನ್ನೂ ಐತೆ ಸಾರ್, ಸುಳ್ಳು ಯಾಕೆ,” ಎನ್ನುತ್ತಾರೆ. “ಮನೇಲಿ ಒಂದು ಮೇಜು ತಂದಾಕ್ಬೇಕು ಅಂತವ್ನಿ. ಮರದ್ದು, ಗಟ್ಟಿದು. ಗಂಟೆ ಬಾರಿಸ್ದಾಗ ಎತ್ತಿ ಅಟ್ಟಕ್ಕೆ ಆಕಕ್ಕಾಗ್ಬಾರ್ದು, ಅಂಥದ್ದು.”